ಗುಲಾಮರಾಗಿ ಬಂದು ನಗರ ಕಟ್ಟಿದ ಮಲಿಕ್ ಅಂಬರ್

ಎಲ್ಲೋರ ಪ್ರವಾಸಕ್ಕೆ ಹೋದಾಗ ಔರಂಗಾಬಾದ್ ನಗರದಲ್ಲಿ ಸ್ವಲ್ಪ ಹೊತ್ತು ನಡೆದಾಡಿರಿ. 2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ. 1610ರಲ್ಲಿ ಖಡ್ಕಿ ಎಂಬ ಹೆಸರಿನಿಂದ ಆ ಊರನ್ನು ಕಟ್ಟಿಸಿದವರು ಬಾಲ್ಯದಲ್ಲಿ ಸಂತೆಯಲ್ಲಿ ಮಾರಾಟವಾಗಿದ್ದ ಮಲಿಕ್ ಅಂಬರ್.

ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಜನಿಸಿದ ಅವರ ಮೊದಲ ಹೆಸರು ಚಾಪು. ಗುಲಾಮರಾಗಿ ಕೈಯಿಂದ ಕೈಗೆ ಸಾಗಿ ಬಾಗ್ದಾದ್ ಸೇರಿದರು. ಅಲ್ಲಿನ ಯಜಮಾನರು ಅವರಿಗೆ ವಿದ್ಯೆ ಕಲಿಸಿದರು. ಆ ವಿದ್ಯೆಯೇ ಮುಂದೆ ಅವರ ಕೈಹಿಡಿಯಿತು. ನಂತರ ಅವರನ್ನು ಕೊಂಡವರು ಅಹಮದ್‌ನಗರದ ಪೇಶ್ವೆ ಚಂಗೇಜ್ ಖಾನ್. ಅವರೂ ಹಿಂದೆ ಗುಲಾಮರಾಗಿದ್ದವರೇ. 1570ರ ದಶಕದಲ್ಲಿ ಚಂಗೇಜ್ ಖಾನ್ ತೀರಿಕೊಂಡ ಬಳಿಕ ಅಂಬರ್ ಸ್ವತಂತ್ರರಾದರು. ನಮ್ಮ ಬಿಜಾಪುರದ ಸೇವೆಯಲ್ಲಿ ಮಲಿಕ್ ಎಂಬ ಬಿರುದು ಪಡೆದರು. 1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ವಶವಾದಾಗ ನಿಜಾಮಶಾಹಿಯನ್ನು ಎತ್ತಿ ನಿಲ್ಲಿಸಿ, 1626ರಲ್ಲಿ ನಿಧನರಾಗುವವರೆಗೂ ಕಾಪಾಡಿದರು.

ಅವರು ಕಟ್ಟಿಸಿದ ಭಡಕಲ್ ದರ್ವಾಜಾ ಇಂದಿಗೂ ನಿಂತಿದೆ. ನೆಲದಡಿಯಲ್ಲಿ ನಗರಕ್ಕೆ ನೀರು ತಂದ ನಹರ್-ಎ-ಅಂಬರಿ ಅವರದೇ ಯೋಜನೆ. ಎಲ್ಲೋರಾಕ್ಕೆ ಹತ್ತಿರದ ಖುಲ್ದಾಬಾದಿನಲ್ಲಿ ಅವರ ಸಮಾಧಿಯಿದೆ.

ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಅವರ ಸೈನ್ಯದಲ್ಲೂ ಕೊಂಡು ತಂದ ಹಬ್ಶಿ ಗುಲಾಮರಿದ್ದರು. ಒಬ್ಬರು ಮೇಲೇರಿದರೂ ಆ ಪದ್ಧತಿ ಉಳಿಯಿತು. ಬ್ರಿಟಿಷ್ ಭಾರತದ ಕಾನೂನು ಅದಕ್ಕೆ ಮಾನ್ಯತೆ ನಿರಾಕರಿಸಿದ್ದು 1843ರಲ್ಲಿ. ಆಫ್ರಿಕಾ ಮೂಲದ ನಮ್ಮ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ದರ್ವಾಜಾದ ಕೆಳಗೆ ನಿಂತಾಗ ಅಂಬರ್ ಜೊತೆಗೆ, ಹೆಸರು ಉಳಿಯದ ಆ ಗುಲಾಮರನ್ನೂ ನೆನೆಯಿರಿ.