ಪದಗಳ ಒಡಲಲ್ಲಿ ಅಕ್ಷರ ಹುಡುಕಿದ ಲೂಯಿಸ್ ಕ್ಯಾರಲ್

ಇಂಗ್ಲಿಷಿನ ಜಿ ಮತ್ತು ಪಿ ಅಕ್ಷರಗಳು ಇದೇ ಕ್ರಮದಲ್ಲಿ, ಒಂದರ ಬೆನ್ನಿಗೊಂದು ಅಂಟಿಕೊಂಡು ಬರುವ ಪದ ಯಾವುದು? ನಿಘಂಟು ಕೈಯಲ್ಲಿದ್ದರೂ ಉತ್ತರ ಸುಲಭವಲ್ಲ. ನಿಘಂಟು ಪದಗಳನ್ನು ಮೊದಲಕ್ಷರದಿಂದ ಜೋಡಿಸುತ್ತದೆಯೇ ಹೊರತು ಪದದ ಒಡಲಲ್ಲಿ ಏನಿದೆ ಎಂಬುದನ್ನು ತಿಳಿಸದು. ಇಂದು ಗಣಕಯಂತ್ರ ಕ್ಷಣಾರ್ಧದಲ್ಲಿ ಮಾಡಿಕೊಡುವ ಈ ಹುಡುಕಾಟವನ್ನು ಕೇವಲ ನೆನಪಿನ ಬಲದಿಂದ ಆಡುವ ಆಟವಾಗಿಸಿ, ಅದಕ್ಕೆ ನಿಯಮಗಳನ್ನು ಬರೆದು 1881ರಲ್ಲಿ ಪ್ರಕಟಿಸಿದವರು 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕೃತಿಯ ಕರ್ತೃ ಲೂಯಿಸ್ ಕ್ಯಾರಲ್.

ಅವರ ನಿಜನಾಮ ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. 1832ರ ಜನವರಿ 27ರಂದು ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಡೇರ್ಸ್‌ಬರಿಯಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಜನನ. ಹನ್ನೊಂದು ಮಕ್ಕಳ ಆ ತುಂಬು ಸಂಸಾರದಲ್ಲಿ ಗಂಡುಮಕ್ಕಳ ಪೈಕಿ ಇವರೇ ಹಿರಿಯರು. ತಮ್ಮ ತಂಗಿಯರ ವಿನೋದಕ್ಕಾಗಿ ಕೈಬರಹದ ಪತ್ರಿಕೆಗಳನ್ನು ಹೊರಡಿಸುತ್ತಿದ್ದರು. ಅವುಗಳಲ್ಲೊಂದಕ್ಕೆ 'ಮಿಶ್‌ಮಾಶ್' ಎಂದು ಹೆಸರು. ಕಲಸುಮೇಲೋಗರ ಎಂಬರ್ಥದ ಜರ್ಮನ್ ಪದವದು. ಇಪ್ಪತ್ತೈದು ವರ್ಷಗಳ ತರುವಾಯ ಅಕ್ಷರದಾಟಕ್ಕೂ ಅವರು ಇದೇ ಹೆಸರನ್ನಿಟ್ಟರು.

ಬಾಲ್ಯದಿಂದಲೂ ಅವರನ್ನು ಕಾಡಿದ್ದು ಉಗ್ಗು. 1851ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದ ಎರಡೇ ದಿನಗಳಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂತು. ಓದು ನಿಲ್ಲಲಿಲ್ಲ. 1855ರಿಂದ ಅಲ್ಲಿಯೇ ಗಣಿತದ ಬೋಧಕರಾದರು. 1861ರಲ್ಲಿ ಚರ್ಚಿನ ಕಿರಿಯ ದೀಕ್ಷೆಯನ್ನು ಪಡೆದರಾದರೂ ಪೂರ್ಣ ಪಾದ್ರಿಯ ದೀಕ್ಷೆಗೆ ಮುಂದಾಗಲಿಲ್ಲ. ವೇದಿಕೆಯಲ್ಲಿ ನಿಂತು ಉಪದೇಶಿಸಲು ಅಂಜಿಸುತ್ತಿದ್ದ ಉಗ್ಗೂ ಅದಕ್ಕೊಂದು ಕಾರಣವೆಂದು ಹಲವು ಜೀವನಚರಿತ್ರೆಕಾರರು ಹೇಳುತ್ತಾರೆ. ನಾಲಗೆಯಲ್ಲಿ ತಡೆದು ನಿಲ್ಲುತ್ತಿದ್ದ ಪದಗಳು ಕಾಗದದ ಮೇಲೆ ಮಾತ್ರ ಅವರು ಹೇಳಿದಂತೆ ಕೇಳುತ್ತಿದ್ದವು. ಅವರ ಕಾವ್ಯನಾಮವೇ ಒಂದು ಪದಚಮತ್ಕಾರ. ಚಾರ್ಲ್ಸ್ ಲಟ್‌ವಿಜ್ ಎಂಬುದನ್ನು ಲ್ಯಾಟಿನ್ನಿಗೆ ಹೊರಳಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದಾಗ ದೊರೆತದ್ದು ಲೂಯಿಸ್ ಕ್ಯಾರಲ್. ಅದು 1856ರ ಮಾತು.

1862ರ ಜುಲೈ 4ರ ದೋಣಿವಿಹಾರದಲ್ಲಿ ಹುಟ್ಟಿ 1865ರಲ್ಲಿ ಅಚ್ಚಾದ ಆಲಿಸಳ ಕಥೆ ಜಗತ್ಪ್ರಸಿದ್ಧ. ಅದನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಕ್ಕೆ ತಂದವರು 'ಅನರ್ಥಕೋಶ'ದ ನಾ. ಕಸ್ತೂರಿ. ಪದಗಳನ್ನು ಕೆಣಕಿ ನಗಿಸುವವರಿಗೇ ಆ ಕೆಲಸ ಒದಗಿಬಂದದ್ದು ಉಚಿತವೇ ಆಯಿತು.

1877ರ ಕ್ರಿಸ್ಮಸ್ ವೇಳೆಯಲ್ಲಿ, ಹೊತ್ತು ಹೋಗದೆ ಬೇಸರಗೊಂಡಿದ್ದ ಇಬ್ಬರು ಹುಡುಗಿಯರಿಗಾಗಿ ಕ್ಯಾರಲ್ 'ಡಬ್ಲೆಟ್ಸ್' ಎಂಬ ಆಟವನ್ನು ಕಲ್ಪಿಸಿದರು. ಪ್ರತಿ ಹೆಜ್ಜೆಗೂ ಒಂದೇ ಅಕ್ಷರವನ್ನು ಬದಲಿಸುತ್ತ ಹೆಡ್ ಎಂಬ ಪದದಿಂದ ಹೀಲ್, ಟೀಲ್, ಟೆಲ್, ಟಾಲ್ ಮೂಲಕ ಟೇಲ್ ಎಂಬಲ್ಲಿಗೆ, ಅಂದರೆ ತಲೆಯಿಂದ ಬಾಲಕ್ಕೆ, ತಲಪಬೇಕು. 1879ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆ ಅದನ್ನು ಜನಪ್ರಿಯಗೊಳಿಸಿತು.

'ದಿ ಮಂತ್ಲಿ ಪ್ಯಾಕೆಟ್' ಪತ್ರಿಕೆಯಲ್ಲಿ ಬಂದ ಮಿಶ್‌ಮಾಶ್ ಅಷ್ಟು ಪ್ರಸಿದ್ಧವಲ್ಲ. ಆದರೆ ಹೆಚ್ಚು ಸೂಕ್ಷ್ಮವಾದದ್ದು ಇದೇ ಎಂದು ನನ್ನ ಅನಿಸಿಕೆ. ಆಟಗಾರರು ಇಬ್ಬರು. ಒಬ್ಬರು ಎರಡು ಅಥವಾ ಹೆಚ್ಚು ಅಕ್ಷರಗಳ ಒಂದು ತಿರುಳನ್ನು ಮುಂದಿಡಬೇಕು. ಇನ್ನೊಬ್ಬರು ಅದನ್ನೊಳಗೊಂಡ ಪದವನ್ನು ಹುಡುಕಬೇಕು. ಪದ ಸಾಮಾನ್ಯ ಬಳಕೆಯದಾಗಿರಬೇಕು, ಅಂಕಿತನಾಮ ಸಲ್ಲದು. ಜಿ, ಪಿ ಎಂದರೆ ಮ್ಯಾಗ್‌ಪೈ. ಇ, ಎಂ, ಓ ಎಂದರೆ ಲೆಮನ್. ಐ, ಎಂ, ಎಸ್, ಇ ಎಂದರೆ ಹಿಮ್‌ಸೆಲ್ಫ್. ಕೇಳಿದವರಿಗೇ ಉತ್ತರ ಗೊತ್ತಿರಬೇಕೆಂದಿಲ್ಲ. ಅಂಥ ಪದವೇ ಇಲ್ಲ ಎಂದು ಎದುರಾಳಿ ಸಾರಲೂಬಹುದು.

ಆಟದ ಮರ್ಮವಿರುವುದು ಪದದ ಬೆಸುಗೆಯಲ್ಲಿ. ನಾವು ಪದವನ್ನು ಇಡಿಯಾಗಿ ಇಲ್ಲವೇ ಉಚ್ಚಾರಾಂಶಗಳಾಗಿ ನೆನೆಯುತ್ತೇವೆ. ಮ್ಯಾಗ್ ಮತ್ತು ಪೈ ಕೂಡುವೆಡೆಯಲ್ಲಿ ಅಡಗಿದ ಜಿ, ಪಿ ಜೋಡಿ ಆದ್ದರಿಂದಲೇ ಕಣ್ಣಿಗೆ ಬೀಳದು. ಸಿ, ಕೆ, ಜಿ ಎಂಬ ತಿರುಳು ವಿಚಿತ್ರವೆನಿಸುತ್ತದೆ. ಬ್ಯಾಕ್‌ಗ್ರೌಂಡ್ ಎಂಬ ದಿನಬಳಕೆಯ ಪದದಲ್ಲೇ ಅದಿದೆ.

ಅಕ್ಷರಗಳನ್ನು ಚದುರಂಗದ ಮಣೆಯ ಮೇಲೆ ನಡೆಸುತ್ತ ಪದ ಕಟ್ಟುವ ಆಟವೊಂದನ್ನು ಮಾಡಬಹುದೆಂದು 1880ರ ಡಿಸೆಂಬರಿನ ದಿನಚರಿಯಲ್ಲಿ ಅವರು ಬರೆದುಕೊಂಡಿದ್ದರು. ಮಣೆಯ ಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸುವ ಸ್ಕ್ರ್ಯಾಬಲ್ ಆಟಕ್ಕೆ ಅಮೆರಿಕದ ಆಲ್‌ಫ್ರೆಡ್ ಬಟ್ಸ್ ರೂಪ ಕೊಟ್ಟದ್ದು 1930ರ ದಶಕದಲ್ಲಿ.

1881ರಲ್ಲಿಯೇ ಕ್ಯಾರಲ್ ಬೋಧಕ ಹುದ್ದೆಯನ್ನು ತೊರೆದರು. ಅವಿವಾಹಿತರಾಗಿಯೇ ಕಾಲೇಜಿನ ಕೊಠಡಿಗಳಲ್ಲಿ ಉಳಿದರು. ಬರೆದ, ಬಂದ ಪತ್ರಗಳನ್ನೆಲ್ಲ ದಾಖಲಿಸಿದ ಅವರ ವಹಿಯ ಕೊನೆಯ ಸಂಖ್ಯೆ 98,721. ಇಷ್ಟು ಲೆಕ್ಕ ಇಟ್ಟವರ ಹದಿಮೂರು ದಿನಚರಿ ಸಂಪುಟಗಳಲ್ಲಿ ನಾಲ್ಕು ಕಾಣೆಯಾಗಿವೆ. ಎಳೆಯ ಹುಡುಗಿಯರೊಂದಿಗಿನ ಅವರ ಸ್ನೇಹ, ತೆಗೆದ ಛಾಯಾಚಿತ್ರಗಳು ಇಂದಿಗೂ ವಿದ್ವಾಂಸರಲ್ಲಿ ತೀವ್ರ ಚರ್ಚೆಯ ವಿಷಯ. ಆಲಿಸಳ ಪ್ರೀತಿಯಿಂದ ಅದನ್ನು ಮರೆಮಾಚುವುದು ತರವಲ್ಲ.

1891ರಲ್ಲಿ 'ದಿ ಲೇಡಿ' ಪತ್ರಿಕೆಯಲ್ಲಿ 'ಸಿಜಿಜೀಸ್' ಎಂಬ ಇನ್ನೊಂದು ಆಟ ಬಂತು. ಇದರಲ್ಲಿ ನೆರೆಯ ಪದಗಳೆರಡೂ ಒಂದೇ ಅಕ್ಷರಗುಚ್ಛವನ್ನು ಹೊಂದಿರಬೇಕು. ಹೀಗೆ ವಾಲ್‌ರಸ್ ಪದವು ಪೆರೂಸ್, ಹಾರ್ಪರ್ ಎಂಬೆರಡು ಮೆಟ್ಟಿಲು ದಾಟಿ ಕಾರ್ಪೆಂಟರ್ ಪದವನ್ನು ಸೇರುತ್ತದೆ. ವಾಲ್‌ರಸ್ ಮತ್ತು ಬಡಗಿ ಅವರದೇ ಪದ್ಯವೊಂದರ ಜೋಡಿ.

1898ರ ಜನವರಿ 14ರಂದು, ಅರವತ್ತಾರು ತುಂಬಲು ಎರಡು ವಾರಗಳಿರುವಾಗ, ಗಿಲ್‌ಫರ್ಡಿನ ಸೋದರಿಯರ ಮನೆಯಲ್ಲಿ ನ್ಯುಮೋನಿಯಾದಿಂದ ಕ್ಯಾರಲ್ ನಿಧನರಾದರು. ಅದೇ ಊರಿನ ಮೌಂಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.