ಸ್ಟೀರಾಯ್ಡ್ ಮುಲಾಮಿನ ಹಿಂದಿನ ವಿಜ್ಞಾನಿ ಪರ್ಸಿ ಜೂಲಿಯನ್

ಚರ್ಮದ ಬಣ್ಣದ ಕಾರಣಕ್ಕೆ ಬಾಳಿನುದ್ದಕ್ಕೂ ಅವಮಾನ ಉಂಡ ವಿಜ್ಞಾನಿ ಅಗ್ಗಗೊಳಿಸಿದ ಔಷಧವರ್ಗವನ್ನೇ ಇಂದು ಬಣ್ಣ ತಿಳಿಯಾಗಲೆಂದು ಮುಖಕ್ಕೆ ಹಚ್ಚಿಕೊಳ್ಳಲಾಗುತ್ತಿದೆ. ಅಮೆರಿಕದ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್ ಅವರ ಬದುಕಿಗೆ ಅಂಟಿಕೊಂಡ ವ್ಯಂಗ್ಯವಿದು.

ಅಲಬಾಮಾದ ಮಾಂಟ್ಗೊಮರಿಯಲ್ಲಿ 1899ರ ಏಪ್ರಿಲ್ 11ರಂದು ಜನಿಸಿದ ಜೂಲಿಯನ್ ಗುಲಾಮರ ಮೊಮ್ಮಗ. ಕರಿಯರ ಮಕ್ಕಳಿಗೆ ಪ್ರೌಢಶಿಕ್ಷಣ ದುರ್ಲಭವಾಗಿದ್ದ ಊರದು. ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದಾಗ ಹೈಸ್ಕೂಲಿನ ಪಾಠಗಳನ್ನೂ ಜೊತೆಜೊತೆಗೇ ಕಲಿಯಬೇಕಾಯಿತು. ಆದರೂ 1920ರಲ್ಲಿ ತರಗತಿಗೇ ಮೊದಲಿಗರಾಗಿ ಹೊರಬಂದರು. ಹಾರ್ವರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ದೊರೆಯಿತು. ಡಾಕ್ಟರೇಟ್‌ಗಾಗಿ ವಿಯೆನ್ನಾಕ್ಕೆ ಹೋಗಬೇಕಾಯಿತು. 1935ರಲ್ಲಿ ಕಣ್ಣಿನ ಗ್ಲಾಕೋಮಾಕ್ಕೆ ಬಳಸುವ ಫೈಸೊಸ್ಟಿಗ್ಮಿನ್ ಅನ್ನು ಸಂಶ್ಲೇಷಿಸಿ ಹೆಸರಾದರೂ ಡಿಪಾ ಅವರಿಗೆ ಪ್ರಾಧ್ಯಾಪಕ ಹುದ್ದೆ ಕೊಡಲಿಲ್ಲ.

1936ರಲ್ಲಿ ಗ್ಲಿಡನ್ ಎಂಬ ಬಣ್ಣದ ಕಂಪನಿ ಷಿಕಾಗೊದಲ್ಲಿ ಸೋಯಾ ಅವರೆಯ ಸಂಶೋಧನೆಗೆ ಅವರನ್ನು ಕರೆಯಿತು. ಎಣ್ಣೆಯ ಟ್ಯಾಂಕಿಗೆ ನೀರು ಸೋರಿ ಬಿಳಿಯ ಗಷ್ಟು ಕಟ್ಟಿದಾಗ ಉಳಿದವರಿಗೆ ಕಂಡದ್ದು ನಷ್ಟ. ಜೂಲಿಯನ್‌ಗೆ ಕಂಡದ್ದು ಸ್ಟಿಗ್ಮಾಸ್ಟೆರಾಲ್. ಅದರಿಂದ ಹಾರ್ಮೋನುಗಳನ್ನು ಹೇರಳವಾಗಿ ತಯಾರಿಸುವ ದಾರಿ ತೆರೆಯಿತು. 1948ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಯ ಮೇಲೆ ಮೊದಲು ಪ್ರಯೋಗಿಸಲಾದ ಕಾರ್ಟಿಸೋನ್ ಅನ್ನು ಆಗ ಎತ್ತಿನ ಪಿತ್ತರಸದಿಂದ ತೆಗೆಯಬೇಕಿತ್ತು. ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಜೂಲಿಯನ್ ರೂಪಿಸಿದ ಸಂಶ್ಲೇಷಣಾ ಕ್ರಮಗಳು ಇಂಥ ಔಷಧಗಳು ಅಗ್ಗವಾಗಲು ನೆರವಾದವು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಮುಲಾಮು ಇಸುಬಿಗೆ ಉಪಯುಕ್ತವೆಂದು ತೋರಿಸಿದರು.

ಅಷ್ಟರಲ್ಲಿ, 1950ರಲ್ಲಿ, ಬಿಳಿಯರ ಬಡಾವಣೆ ಓಕ್ ಪಾರ್ಕ್‌ನಲ್ಲಿ ಜೂಲಿಯನ್ ಕೊಂಡ ಮನೆಗೆ ಬೆಂಕಿ ಇಡುವ ಯತ್ನ ನಡೆದಿತ್ತು. ಮರುವರ್ಷ ಡೈನಮೈಟ್ ಎಸೆಯಲಾಯಿತು. ಅವರು ಮನೆ ಬಿಡಲಿಲ್ಲ.

ಮುಂದೆ ಬಂದ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್‌ಗಳು ಹೈಡ್ರೊಕಾರ್ಟಿಸೋನ್‌ಗಿಂತ ಬಹುಪಾಲು ತೀಕ್ಷ್ಣ. ಇವು ಹುಳುಕಡ್ಡಿಯ ತುರಿಕೆಯನ್ನು ಎರಡು ದಿನ ಅಡಗಿಸಿ, ಶಿಲೀಂಧ್ರ ಮತ್ತಷ್ಟು ಹಬ್ಬಲು ಅವಕಾಶ ಕೊಡುತ್ತವೆ. ಮುಖದ ಮೇಲೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣಿಸುತ್ತವೆ. ಮೊಡವೆ, ಅನಗತ್ಯ ಕೂದಲು ಮೂಡುತ್ತವೆ. ಬಿಟ್ಟೊಡನೆ ಉರಿ, ಕೆಂಪು. ಹೀಗಾಗಿ ಬಳಸಿದವರು ಮತ್ತೆ ಅದೇ ಟ್ಯೂಬಿಗೆ ಮರಳುತ್ತಾರೆ. ಬೆವರು ಹರಿಯುವ ಬೇಸಿಗೆಯ ಮುಧೋಳ, ಬೀಳಗಿ, ಜಮಖಂಡಿಯ ಕಬ್ಬಿನ ಹೊಲಗಳಲ್ಲಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಾಗಲಿ ತೊಡೆಸಂದಿಯ ತುರಿಕೆ ಹೊಸದಲ್ಲ; ವೈದ್ಯರ ಬಳಿಗೆ ಹೋಗಿ ಬರಲು ಒಂದು ದಿನದ ಕೂಲಿ ತಪ್ಪುತ್ತದೆ, ಔಷಧದಂಗಡಿ ಹತ್ತಿರದಲ್ಲೇ ಇರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಅನುಸೂಚಿ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು.

ಜೂಲಿಯನ್ 1953ರಲ್ಲಿ ಸ್ವಂತ ಕಂಪನಿ ತೆರೆದು 1961ರಲ್ಲಿ ಅದನ್ನು ಮಾರಿದರು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. 1975ರ ಏಪ್ರಿಲ್ 19ರಂದು ಅವರು ನಿಧನರಾದರು.