ಸಿ. ವಿ. ರಾಮನ್ ಮತ್ತು ಸ್ಫಟಿಕಗಳ ಅಧ್ಯಯನ

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅವರ ಹೆಸರು ರಾಮನ್ ಪರಿಣಾಮದೊಂದಿಗೆ ಬೆಸೆದುಕೊಂಡಿದ್ದರೂ, 1933ರಿಂದ ಬೆಂಗಳೂರಿನಲ್ಲಿ ಕಳೆದ ಮೂವತ್ತೇಳು ವರ್ಷಗಳ ಬಹುಭಾಗವನ್ನು ಅವರು ವಜ್ರ, ಓಪಲ್, ಫೆಲ್ಡ್‌ಸ್ಪಾರ್ ಮೊದಲಾದ ನಿರವಯವ ಸ್ಫಟಿಕಗಳ ಒಳರಚನೆಯನ್ನು ಅರಿಯಲು ಮೀಸಲಿಟ್ಟರು. ಇದೇ ಕಾಲದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂದಿತು. ರಾಮನ್ ಅವರು ಬೆಳಕಿನಿಂದ ಊಹಿಸಿದ ಹಲವು ರಚನೆಗಳನ್ನು ಈ ಉಪಕರಣವು ನೇರವಾಗಿ ತೋರಿಸಿತು. ಅವರ ಕೆಲವು ಊಹೆಗಳು ಅದರಿಂದ ಸಮರ್ಥಿತವಾದವು, ಕೆಲವು ತಿರಸ್ಕೃತವಾದವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಅವರು ತಿರುಚಿನಾಪಳ್ಳಿಯ ಸಮೀಪದ ತಿರುವಾನೈಕಾವಲ್‌ನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದುದರಿಂದ ರಾಮನ್ ಅವರ ಬಾಲ್ಯ ಆ ಊರಿನಲ್ಲಿ ಕಳೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಮತ್ತು 1907ರಲ್ಲಿ ಎಂ.ಎ. ಪದವಿಗಳನ್ನು ಪಡೆದರು. ಆ ದಿನಗಳಲ್ಲಿ ಭಾರತೀಯ ಯುವಕನೊಬ್ಬನಿಗೆ ವಿಜ್ಞಾನವನ್ನೇ ವೃತ್ತಿಯಾಗಿ ಕೈಗೊಳ್ಳುವ ಅವಕಾಶಗಳು ತೀರ ವಿರಳವಾಗಿದ್ದವು. ಆದ್ದರಿಂದ ಅವರು ಹಣಕಾಸು ಇಲಾಖೆಯ ಪರೀಕ್ಷೆ ಬರೆದು ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿ ಅವರನ್ನು ವಿವಾಹವಾಗಿ, ಅದೇ ವರ್ಷ ಕಲ್ಕತ್ತೆಯಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದರು.

ಕಲ್ಕತ್ತೆಯ ವರ್ಷಗಳು

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಪರಿಷ್ಕರಣ ಸಂಘದ ಪ್ರಯೋಗಾಲಯವಿತ್ತು. ಹಗಲು ಕಚೇರಿಯ ಲೆಕ್ಕಪತ್ರ ನೋಡುತ್ತಿದ್ದ ರಾಮನ್, ಬೆಳಗಿನ ಮತ್ತು ಸಂಜೆಯ ವೇಳೆಯನ್ನು ಅಲ್ಲಿ ಕಳೆಯತೊಡಗಿದರು. 1917ರಲ್ಲಿ ಹೆಚ್ಚಿನ ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಮುದ್ರದ ನೀಲಿಬಣ್ಣವು ಅವರ ಗಮನ ಸೆಳೆಯಿತು. ಆ ನೀಲಿ ಕೇವಲ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾಗುತ್ತದೆ ಎಂದು ಅವರು ತೋರಿಸಿದರು. 1924ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

1928ರ ಫೆಬ್ರವರಿ 28ರಂದು, ಶಿಷ್ಯ ಕೆ. ಎಸ್. ಕೃಷ್ಣನ್ ಅವರ ಸಹಕಾರದೊಂದಿಗೆ ನಡೆಸುತ್ತಿದ್ದ ಪ್ರಯೋಗಗಳು ಫಲ ಕೊಟ್ಟವು. ವಸ್ತುವಿನ ಮೂಲಕ ಹಾಯ್ದು ಚದುರಿದ ಬೆಳಕಿನಲ್ಲಿ ಮೂಲ ಬಣ್ಣದ ಜೊತೆಗೆ ಬದಲಾದ ತರಂಗಾಂತರದ ಬೆಳಕೂ ಇರುತ್ತದೆ ಎಂಬುದು ಖಚಿತವಾಯಿತು. ಇದನ್ನು ಮೊದಲು ಕಂಡದ್ದು ಸೂರ್ಯನ ಬೆಳಕು, ಬಣ್ಣದ ಶೋಧಕಗಳು ಮತ್ತು ಬರಿಗಣ್ಣಿನ ನೆರವಿನಿಂದ. ಅನಂತರ ಪಾದರಸದ ದೀಪ ಹಾಗೂ ರೋಹಿತದರ್ಶಕವನ್ನು ಬಳಸಲಾಯಿತು. ಮಾರ್ಚ್ 16ರಂದು ರಾಮನ್ ಅವರು ಈ ಶೋಧವನ್ನು ಕುರಿತು ಬೆಂಗಳೂರಿನಲ್ಲಿ ವಿಸ್ತಾರವಾದ ಉಪನ್ಯಾಸ ನೀಡಿದರು. 1929ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನು ನೀಡಿತು.

ಕಾಂತೀಯ ಗುಣಗಳ ಅಧ್ಯಯನ

ಕಲ್ಕತ್ತೆಯಲ್ಲಿದ್ದಾಗಲೇ ರಾಮನ್ ಮತ್ತು ಕೃಷ್ಣನ್ ಅವರು ವಸ್ತುಗಳ ಕಾಂತೀಯ ಗುಣಗಳತ್ತ ಗಮನ ಹರಿಸಿದ್ದರು. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ಕೆಲವು ದ್ರವಗಳು ಸ್ಫಟಿಕದಂತೆ ಬೆಳಕನ್ನು ಎರಡಾಗಿ ವಕ್ರೀಭವಿಸುತ್ತವೆ. ಅಣುಗಳ ಕಾಂತೀಯ ಗುಣವು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರದೆ, ಅವು ಕ್ಷೇತ್ರದ ದಿಕ್ಕಿಗೆ ಅನುಗುಣವಾಗಿ ತಿರುಗಿ ನಿಲ್ಲಲು ಯತ್ನಿಸುವುದೇ ಇದಕ್ಕೆ ಕಾರಣ. ಈ ವಿದ್ಯಮಾನದ ಸಿದ್ಧಾಂತವನ್ನು ಅವರು 1927ರಲ್ಲಿ ಮಂಡಿಸಿದರು. 1929ರಲ್ಲಿ ರಾಮನ್ ಅವರು ಡಯಾಕಾಂತತೆಗೂ ಸ್ಫಟಿಕರಚನೆಗೂ ಇರುವ ಸಂಬಂಧದ ಬಗ್ಗೆ ಬರೆದರು. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಮತ್ತು ಆಭರಣದ ವಜ್ರ ಎರಡೂ ಶುದ್ಧ ಇಂಗಾಲವೇ. ಆದರೂ ಗ್ರಾಫೈಟ್ ತನ್ನ ಪದರಗಳಿಗೆ ಲಂಬವಾದ ದಿಕ್ಕಿನಲ್ಲಿ ಅಸಾಮಾನ್ಯ ಡಯಾಕಾಂತತೆಯನ್ನು ತೋರಿದರೆ, ವಜ್ರದಲ್ಲಿ ಅದು ಅತ್ಯಲ್ಪ. ಪರಮಾಣುಗಳ ಜೋಡಣೆಯೇ ಕಾಂತೀಯ ಗುಣವನ್ನು ನಿರ್ಧರಿಸುತ್ತದೆ ಎಂಬ ಈ ದೃಷ್ಟಿಯನ್ನು ಕೃಷ್ಣನ್ ಅವರು ಮುಂದೆ ಢಾಕಾದಲ್ಲಿ ಸೂಕ್ಷ್ಮ ಅಳತೆಗಳ ಮೂಲಕ ಬೆಳೆಸಿದರು.

ಬೆಂಗಳೂರಿಗೆ ಆಗಮನ

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರು. ಭೌತಶಾಸ್ತ್ರ ವಿಭಾಗವನ್ನು ಹೊಸದಾಗಿ ಕಟ್ಟಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಅಕಾಡೆಮಿಗೆ ಬೆಂಗಳೂರಿನಲ್ಲಿ ಭೂಮಿಯನ್ನು ದಾನವಾಗಿ ನೀಡಿದರು. 1935ರಲ್ಲಿ ರಾಮನ್ ಅವರಿಗೆ ರಾಜಸಭಾಭೂಷಣ ಬಿರುದನ್ನೂ ಪ್ರದಾನ ಮಾಡಲಾಯಿತು.

ಜರ್ಮನಿಯಿಂದ ಹೊರಬರಬೇಕಾಗಿದ್ದ ಹೆಸರಾಂತ ವಿಜ್ಞಾನಿಗಳಿಗೆ ಬೆಂಗಳೂರಿನಲ್ಲಿ ನೆಲೆ ಒದಗಿಸಬೇಕೆಂಬುದು ರಾಮನ್ ಅವರ ಆಶಯವಾಗಿತ್ತು. ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಅವರಿಗೆ ಶಾಶ್ವತ ಪೀಠ ಒದಗಿಸುವ ಪ್ರಯತ್ನ ಸಫಲವಾಗಲಿಲ್ಲ. ಆಡಳಿತ ಮತ್ತು ಹಣಕಾಸಿನ ವಿಷಯಗಳಲ್ಲಿ ಆಡಳಿತ ಮಂಡಳಿಯೊಂದಿಗೆ ಉಂಟಾದ ಭಿನ್ನಾಭಿಪ್ರಾಯಗಳು ತೀವ್ರವಾಗಿ, 1937ರಲ್ಲಿ ರಾಮನ್ ನಿರ್ದೇಶಕ ಹುದ್ದೆಯನ್ನು ತ್ಯಜಿಸಿದರು. ಆದರೆ 1948ರವರೆಗೆ ಅದೇ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಮುಂದುವರಿದರು.

ವಜ್ರದ ಸಂಶೋಧನೆ

1940ರ ದಶಕದಲ್ಲಿ ರಾಮನ್ ಅವರ ವಿಭಾಗದ ಮುಖ್ಯ ವಿಷಯ ವಜ್ರವಾಗಿತ್ತು. ಅವರು ನೂರಾರು ವಜ್ರಗಳನ್ನು ಸಂಗ್ರಹಿಸಿದರು. ಅವರ ಶಿಷ್ಯೆ ಅನ್ನಾ ಮಣಿ ವಜ್ರಗಳ ಪ್ರತಿದೀಪ್ತಿಯನ್ನೂ, ಜಿ. ಎನ್. ರಾಮಚಂದ್ರನ್ ಅವುಗಳ ಎಕ್ಸ್‌ಕಿರಣ ಚಿತ್ರಗಳನ್ನೂ ಅಭ್ಯಸಿಸಿದರು. ಎಸ್. ರಾಮಶೇಷನ್ ಕಾಂತಕ್ಷೇತ್ರದಲ್ಲಿ ವಜ್ರದೊಳಗಿನ ಬೆಳಕಿನ ವರ್ತನೆಯನ್ನು ಪರಿಶೀಲಿಸಿದರು. ಒಂದು ವಜ್ರವು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆದರೆ ಮತ್ತೊಂದು ಏಕೆ ಹೊಳೆಯುವುದಿಲ್ಲ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಇದಕ್ಕೆ ಕಲ್ಮಷಗಳು ಕಾರಣವಲ್ಲ, ವಜ್ರದಲ್ಲಿಯೇ ಭಿನ್ನ ಸಮಮಿತಿಯ ರಚನೆಗಳಿವೆ ಎಂಬುದು ರಾಮನ್ ಅವರ ನಿಲುವಾಗಿತ್ತು. ಸ್ಫಟಿಕದ ಪರಮಾಣುಗಳ ಕಂಪನಗಳ ಬಗ್ಗೆಯೂ ಅವರು ಬಾರ್ನ್ ಅವರ ಸಿದ್ಧಾಂತಕ್ಕಿಂತ ಭಿನ್ನವಾದ ಸಿದ್ಧಾಂತವನ್ನು ಮುಂದಿಟ್ಟರು. ಈ ಎರಡೂ ವಿಷಯಗಳಲ್ಲಿ ಯೂರೋಪಿನ ವಿಜ್ಞಾನಿಗಳೊಂದಿಗೆ ದೀರ್ಘಕಾಲ ವಾದವಿವಾದ ನಡೆಯಿತು.

ರಾಮನ್ ಸಂಶೋಧನಾ ಸಂಸ್ಥೆ

ನಿವೃತ್ತಿಯ ಬಳಿಕ, 1948ರಲ್ಲಿ, ಅಕಾಡೆಮಿಯ ಭೂಮಿಯಲ್ಲಿಯೇ ರಾಮನ್ ಅವರು ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಂತ ಉಳಿತಾಯ ಮತ್ತು ದಾನಿಗಳ ನೆರವು ಅದಕ್ಕೆ ಆಧಾರ. ಸರ್ಕಾರದ ಅನುದಾನ ಪಡೆದರೆ ಸ್ವಾತಂತ್ರ್ಯ ಉಳಿಯದೆಂಬ ನಂಬಿಕೆಯಿಂದ ಅದನ್ನು ದೂರವಿಟ್ಟರು. ಆರಂಭದ ದಿನಗಳಲ್ಲಿ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವೂ ಇರಲಿಲ್ಲ. ಕನ್ನಡಿಯ ಮೂಲಕ ಸೂರ್ಯನ ಬೆಳಕನ್ನು ಕತ್ತಲೆ ಕೋಣೆಯೊಳಕ್ಕೆ ಹಾಯಿಸಿ, ಮಸೂರ ಮತ್ತು ಧ್ರುವಕಗಳ ಸಹಾಯದಿಂದ ರಾಮನ್ ಹಾಗೂ ಅವರ ಸಹಾಯಕ ಎ. ಜಯರಾಮನ್ ಖನಿಜಗಳನ್ನು ಪರಿಶೀಲಿಸುತ್ತಿದ್ದರು.

ಈ ಅವಧಿಯ ಮುಖ್ಯ ಕೃತಿಗಳು ಬಣ್ಣ ಸೂಸುವ ಖನಿಜಗಳಿಗೆ ಸಂಬಂಧಿಸಿದವು. 1950ರಲ್ಲಿ ಸಿಂಹಳದ ಚಂದ್ರಶಿಲೆ ಮತ್ತು ಲ್ಯಾಬ್ರಡೊರೈಟ್ ಕುರಿತ ಲೇಖನಗಳು ಪ್ರಕಟವಾದವು. ಇವೆರಡೂ ಫೆಲ್ಡ್‌ಸ್ಪಾರ್ ವರ್ಗದ ಖನಿಜಗಳು. ಬೆಂಗಳೂರಿನಿಂದ ಚನ್ನಪಟ್ಟಣದತ್ತ ಸಾಗುವ ದಾರಿಯಲ್ಲಿ ಎದುರಾಗುವ ರಾಮನಗರದ ಬೆಟ್ಟಗಳು ಮತ್ತು ಮಾಗಡಿಯ ಸಾವನದುರ್ಗವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನಿಂದಾದವು. ಆ ಕಲ್ಲಿಗೆ ನಸುಗೆಂಪು ಛಾಯೆ ಕೊಡುವ ದೊಡ್ಡ ಹರಳುಗಳೂ ಇದೇ ಫೆಲ್ಡ್‌ಸ್ಪಾರ್ ವರ್ಗಕ್ಕೆ ಸೇರಿವೆ. ಸಾಮಾನ್ಯ ಫೆಲ್ಡ್‌ಸ್ಪಾರ್ ಮಂಕಾಗಿರುವಾಗ ಚಂದ್ರಶಿಲೆಯು ಬೆಳದಿಂಗಳಂತೆ ಹೊಳೆಯುವುದೇಕೆ? ಹರಳಿನೊಳಗೆ ಬೆಳಕಿನ ತರಂಗಾಂತರಕ್ಕೆ ಹೋಲಿಸಬಹುದಾದಷ್ಟು ಚಿಕ್ಕ ಗಾತ್ರದಲ್ಲಿ ಭಿನ್ನ ಘಟಕಗಳು ಬೇರ್ಪಟ್ಟಿರುವುದೇ ಇದಕ್ಕೆ ಕಾರಣವೆಂದು ರಾಮನ್ ವಿವರಿಸಿದರು. 1953ರಲ್ಲಿ ಓಪಲ್ ಕುರಿತ ಲೇಖನ ಹೊರಬಂದಿತು. ಓಪಲ್ ಎಂದರೆ ಸಿಲಿಕಾ. ಅದರೊಳಗೆ ಸಮಾನ ಅಂತರದಲ್ಲಿ ಒಂದರ ಮೇಲೊಂದು ಜೋಡಿಸಿದಂತೆ ತೆಳುಪದರಗಳಿವೆ, ಅವುಗಳಿಂದ ಪ್ರತಿಫಲಿಸಿದ ಬೆಳಕು ಬಣ್ಣಗಳನ್ನು ಉಂಟುಮಾಡುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯ

ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಆದಕಾರಣ ಸಾಮಾನ್ಯ ಸೂಕ್ಷ್ಮದರ್ಶಕವು ಎಷ್ಟೇ ಉತ್ತಮವಾಗಿದ್ದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಒಂದು ಲಕ್ಷ ವೋಲ್ಟ್‌ನಿಂದ ವೇಗ ಪಡೆದ ಎಲೆಕ್ಟ್ರಾನಿನ ತರಂಗಾಂತರ ಒಂದು ನ್ಯಾನೋಮೀಟರಿನ ಸುಮಾರು 270ರಲ್ಲಿ ಒಂದು ಭಾಗ ಮಾತ್ರ. ಈ ತತ್ತ್ವವನ್ನು ಆಧರಿಸಿ, ಗಾಜಿನ ಮಸೂರಗಳ ಬದಲು ಕಾಂತೀಯ ಸುರುಳಿಗಳನ್ನು ಬಳಸುವ ಸೂಕ್ಷ್ಮದರ್ಶಕವನ್ನು ಬರ್ಲಿನ್ನಿನಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್‌ಸ್ಟ್ ರುಸ್ಕ 1931ರಲ್ಲಿ ನಿರ್ಮಿಸಿದರು. ಭಾರತದಲ್ಲಿ 1940ರ ದಶಕದಲ್ಲಿ ಕಲ್ಕತ್ತೆಯ ಎನ್. ಎನ್. ದಾಸ್‌ಗುಪ್ತ ಅವರು ಇಂಥ ಉಪಕರಣವನ್ನು ಕಟ್ಟಿದರು. ಕಾಂತೀಯ ವಸ್ತುಗಳ ಅಧ್ಯಯನಕ್ಕೂ ಇದು ಉಪಯುಕ್ತವಾಯಿತು. ತೆಳುವಾದ ಕಾಂತೀಯ ಹಾಳೆಯ ಮೂಲಕ ಹಾಯುವ ಎಲೆಕ್ಟ್ರಾನುಗಳು ಅಲ್ಲಿನ ಕಾಂತಕ್ಷೇತ್ರದಿಂದ ಕೊಂಚ ಬಾಗುತ್ತವೆ. ಅದರಿಂದ ವಸ್ತುವಿನೊಳಗಿನ ಕಾಂತೀಯ ವಲಯಗಳ ಎಲ್ಲೆಗಳು ಚಿತ್ರದಲ್ಲಿ ಗೋಚರಿಸುತ್ತವೆ.

ರಾಮನ್ ಅವರ ಜೀವಿತಕಾಲದಲ್ಲಿಯೇ ಈ ಉಪಕರಣವು ಅವರ ಖನಿಜಗಳನ್ನು ತಲುಪಿತು. 1964ರಲ್ಲಿ ಆಸ್ಟ್ರೇಲಿಯದ ಜೆ. ವಿ. ಸ್ಯಾಂಡರ್ಸ್ ಅವರು ಓಪಲಿನ ಎಲೆಕ್ಟ್ರಾನ್ ಚಿತ್ರಗಳನ್ನು ಪ್ರಕಟಿಸಿದರು. ಅಲ್ಲಿ ಪದರಗಳ ಬದಲು, ಅಂಗಡಿಯಲ್ಲಿ ಕಿತ್ತಳೆಹಣ್ಣುಗಳನ್ನು ಪೇರಿಸಿಟ್ಟಂತೆ, ಒಂದೇ ಗಾತ್ರದ ಸಿಲಿಕಾ ಗೋಲಗಳು ಸಾಲುಸಾಲಾಗಿ ಜೋಡಣೆಗೊಂಡಿದ್ದವು. ಅವುಗಳ ವ್ಯಾಸ ಸುಮಾರು 150ರಿಂದ 350 ನ್ಯಾನೋಮೀಟರ್. ಸಮಾನ ಅಂತರದ ಪುನರಾವರ್ತನೆಯೇ ಬಣ್ಣಕ್ಕೆ ಕಾರಣವೆಂಬ ರಾಮನ್ ಅವರ ಗ್ರಹಿಕೆ ಸರಿಯಾಗಿತ್ತು. ಪುನರಾವರ್ತನೆಯಾಗುವ ವಸ್ತುವಿನ ಆಕಾರವನ್ನು ಕುರಿತ ಊಹೆ ಮಾತ್ರ ತಪ್ಪಾಗಿತ್ತು. ಲ್ಯಾಬ್ರಡೊರೈಟಿನಲ್ಲಿ ಸುಣ್ಣದ ಅಂಶ ಹೆಚ್ಚಿರುವ ಮತ್ತು ಸೋಡಿಯಂ ಅಂಶ ಹೆಚ್ಚಿರುವ ಅತಿಸೂಕ್ಷ್ಮ ಪದರಗಳು ಒಂದಾದ ಮೇಲೊಂದರಂತೆ ಇರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ತೋರಿಸಿತು. ಹರಳಿನ ಒಳಗಿನ ಅಸಮತೆಯೇ ಹೊಳಪಿಗೆ ಮೂಲ ಎಂಬ ವಿವರಣೆಗೆ ಇದರಿಂದ ಬೆಂಬಲ ದೊರೆಯಿತು.

ವಜ್ರದ ವಿಷಯದಲ್ಲಿ ಫಲಿತಾಂಶ ಬೇರೆಯಾಗಿತ್ತು. 1959ರಲ್ಲಿ ಕೈಸರ್ ಮತ್ತು ಬಾಂಡ್ ಅವರು ವಜ್ರದ ಭಿನ್ನತೆಗಳಿಗೆ ಅದರಲ್ಲಿ ಸೇರಿಕೊಂಡ ನೈಟ್ರೊಜನ್ ಕಾರಣವೆಂದು ಕಂಡುಕೊಂಡರು. 1962ರಲ್ಲಿ ಇವಾನ್ಸ್ ಮತ್ತು ಫಾಲ್ ಅವರ ಎಲೆಕ್ಟ್ರಾನ್ ಚಿತ್ರಗಳು ಒಂದು ವರ್ಗದ ವಜ್ರಗಳೊಳಗೆ ತೆಳುವಾದ ಫಲಕದಂಥ ದೋಷಗಳನ್ನು ತೋರಿಸಿದವು. ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳು ಸ್ಫಟಿಕ ಕಂಪನಗಳ ವಿಷಯದಲ್ಲಿ ಬಾರ್ನ್ ಅವರ ಸಿದ್ಧಾಂತವನ್ನು ಎತ್ತಿಹಿಡಿದವು. ರಾಮನ್ ಅವರು ಕೊನೆಯವರೆಗೂ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ತಾವು ಕಣ್ಣಾರೆ ಕಂಡ ವಿದ್ಯಮಾನದ ಮೇಲಿನ ಅಚಲ ವಿಶ್ವಾಸವೇ 1928ರ ಶೋಧಕ್ಕೆ ಕಾರಣವಾಗಿತ್ತು. ವೃದ್ಧಾಪ್ಯದಲ್ಲಿ ಅದೇ ವಿಶ್ವಾಸವು ಅವರನ್ನು ಸಮಕಾಲೀನ ವಿಜ್ಞಾನದಿಂದ ಬಹುಮಟ್ಟಿಗೆ ಪ್ರತ್ಯೇಕಗೊಳಿಸಿತು.

ಕೊನೆಯ ವರ್ಷಗಳು

1954ರಲ್ಲಿ ಭಾರತರತ್ನ ಪ್ರಶಸ್ತಿ ಆರಂಭವಾದಾಗ ಅದನ್ನು ಪಡೆದ ಮೊದಲಿಗರಲ್ಲಿ ರಾಮನ್ ಒಬ್ಬರು. 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಬಂದಿತು. ಇಳಿವಯಸ್ಸಿನಲ್ಲಿ ಅವರು ಹೂಗಳ ಬಣ್ಣ ಮತ್ತು ಕಣ್ಣಿನ ದೃಷ್ಟಿಯ ಬಗ್ಗೆ ಅಧ್ಯಯನ ನಡೆಸಿದರು. ಸಂಸ್ಥೆಗೆ ಬಂದ ಶಾಲಾ ಮಕ್ಕಳಿಗೆ ತಮ್ಮ ಖನಿಜ ಸಂಗ್ರಹವನ್ನು ತಾವೇ ತೋರಿಸಿ ವಿವರಿಸುತ್ತಿದ್ದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥೆಯ ಆವರಣದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಸಮಾಧಿಯನ್ನು ಕಟ್ಟದೆ ಒಂದು ಮರವನ್ನು ನೆಡಲಾಗಿದೆ.

ಪರಂಪರೆ

ರಾಮನ್ ಅವರ ನಂತರ ಸಂಸ್ಥೆಯು ಸರ್ಕಾರದ ಅನುದಾನ ಪಡೆಯುವ ಸಂಶೋಧನಾ ಕೇಂದ್ರವಾಯಿತು. ಅವರ ಪುತ್ರ, ರೇಡಿಯೋ ಖಗೋಳವಿಜ್ಞಾನಿ ವಿ. ರಾಧಾಕೃಷ್ಣನ್ ಅದರ ನಿರ್ದೇಶಕರಾದರು. ನಿರವಯವ ವಸ್ತುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅಭ್ಯಸಿಸುವ ಕಾರ್ಯ ಬೆಂಗಳೂರಿನಲ್ಲಿ ಮುಂದೆ ವ್ಯಾಪಕವಾಗಿ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಘನಸ್ಥಿತಿ ಮತ್ತು ರಚನಾತ್ಮಕ ರಸಾಯನಶಾಸ್ತ್ರ ಘಟಕವನ್ನು ಆರಂಭಿಸಿ, ಲೋಹಗಳ ಆಕ್ಸೈಡುಗಳ ಪರಮಾಣು ಜೋಡಣೆಯನ್ನೂ ಅವುಗಳ ಕಾಂತೀಯ ಗುಣಗಳನ್ನೂ ಪರಿಶೀಲಿಸಿದರು. 1989ರಲ್ಲಿ ಸ್ಥಾಪನೆಯಾದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ವಸ್ತುವಿಜ್ಞಾನದ ಅಧ್ಯಯನ ನಡೆಯುತ್ತಿದೆ. ರಾಮನ್ ಪರಿಣಾಮವನ್ನು ಆಧರಿಸಿದ ರೋಹಿತದರ್ಶನವು ಇಂದು ಇಂತಹ ಪ್ರಯೋಗಾಲಯಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಜೊತೆಯಲ್ಲಿಯೇ ಬಳಕೆಯಾಗುತ್ತದೆ. ಸೂಕ್ಷ್ಮದರ್ಶಕವು ಪರಮಾಣುಗಳ ಜೋಡಣೆಯನ್ನು ತೋರಿಸಿದರೆ, ರೋಹಿತವು ಅವುಗಳ ಕಂಪನವನ್ನು ತಿಳಿಸುತ್ತದೆ. ರಾಮನ್ ಪರಿಣಾಮದ ಶೋಧದ ನೆನಪಿಗಾಗಿ 1987ರಿಂದ ಪ್ರತಿವರ್ಷ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.